ಹೊಳೆ ಉಕ್ಕಿದಾಗ ಮನಸ್ಸಿನ ಡಾಕ್ಟರಿಗೇನು ಕೆಲಸ?

ಪ್ರಶ್ನೆ: ಸರ್, ನಾನು ಹೊನ್ನಾಳಿ ತಾಲ್ಲೂಕಿನ ಹೊಳೆದಂಡೆಯ ಊರೊಂದರ ಗ್ರಾಮ ಪಂಚಾಯ್ತಿ ಸದಸ್ಯೆ. ಮಳೆಗಾಲದಲ್ಲಿ ತುಂಗಭದ್ರೆ ಏರಿದರೆ ನಮ್ಮ ಕೆಳಗಿನ ಕೇರಿಗೆ ನೀರು ನುಗ್ಗುತ್ತದೆ. ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆಯುತ್ತಾರೆ. ಮೊನ್ನೆ ತಾಲ್ಲೂಕಿನ ಸಭೆಯಲ್ಲಿ ಓದಿದ ಪಟ್ಟಿಯಲ್ಲಿ 'ಮಾನಸಿಕ ಆರೋಗ್ಯ ತಂಡ' ಅಂತ ಒಂದು ಸಾಲಿತ್ತು. ಜನ ನಕ್ಕುಬಿಟ್ಟರು. 'ಮನೆ ಬಿದ್ದವರಿಗೆ ತಗಡು ಕೊಡ್ರಿ, ಹುಚ್ಚಿನ ಡಾಕ್ಟ್ರು ಯಾಕೆ' ಅಂದರು ಒಬ್ಬರು. ನನಗೂ ಹಾಗೇ ಅನ್ನಿಸಿತು. ನಿಜವಾಗಿ ನಿಮ್ಮವರು ಬಂದು ಏನು ಮಾಡುತ್ತಾರೆ? ಅನಾಹುತ ತಡೆಯೋದಕ್ಕೆ ನಿಮ್ಮಿಂದ ಆಗುತ್ತಾ? ಬೇಕು ಅಂದರೆ ಯಾರನ್ನು ಕೇಳಬೇಕು?

ಉತ್ತರ: ಅಕ್ಕಾ, ತಗಡು ಕೇಳಿದವರು ಹೇಳಿದ್ದು ತಪ್ಪಲ್ಲ. ಒದ್ದೆ ಚಾಪೆ ಮೇಲೆ ಮಲಗಿದವರಿಗೆ ನಿದ್ದೆ ಬರದಿದ್ದರೆ ಮೊದಲು ಒಣ ಚಾಪೆ ಕೊಡಬೇಕು. ಇದು ನನ್ನೊಬ್ಬನ ಮಾತೂ ಅಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ಸೇವಾ ಸಂಸ್ಥೆಗಳು ಸೇರಿ 2007ರಲ್ಲಿ ತಂದ ಮಾರ್ಗಸೂಚಿಯಲ್ಲಿ ಎಲ್ಲಕ್ಕಿಂತ ಕೆಳಗೆ, ಎಲ್ಲರಿಗೂ ಬೇಕಾದದ್ದು ಅಂತ ಬರೆದಿರುವುದು ಊಟ, ನೀರು, ಸೂರು, ಭದ್ರತೆಯನ್ನೇ. ಅದರ ಮೇಲೆ ಮನೆಯವರು, ಊರವರು ಒಟ್ಟಿಗಿರುವುದು. ಅದರ ಮೇಲೆ ಸ್ವಲ್ಪ ತರಬೇತಿ ಆದವರ ಸಹಾಯ. ನನ್ನಂಥ ಮನೋವೈದ್ಯನ ಸರದಿ ಕೊನೆಗೆ, ಕೆಲವರಿಗೆ ಮಾತ್ರ.

ಹಾಗಿದ್ದರೂ ಆ ಸಾಲನ್ನು ಪಟ್ಟಿಯಿಂದ ತೆಗೆಸಬೇಡಿ. ನನ್ನ ಅಭಿಪ್ರಾಯ ಇಷ್ಟು: ನೀರು ನುಗ್ಗಿದ ದಿನ ಮನೋವೈದ್ಯ ಜೀಪಿನಲ್ಲಿ ಬಂದು ಫೋಟೋ ತೆಗೆಸಿಕೊಂಡು ಹೋಗುವುದರಿಂದ ದೊಡ್ಡ ಪ್ರಯೋಜನ ಇಲ್ಲ. ಮೇ ತಿಂಗಳಲ್ಲಿ ಒಂದು ಸಲ ಬರಲಿ, ಎಲ್ಲರೂ ಮರೆತ ಮೇಲೆ ದೀಪಾವಳಿ ಹೊತ್ತಿಗೆ ಇನ್ನೊಂದು ಸಲ ಬರಲಿ. ನೀವು ಜಗಳ ಆಡಿ ಪಡೆದುಕೊಳ್ಳಬೇಕಾದದ್ದು ಆ ಎರಡು ಭೇಟಿಗಳನ್ನು.

ಮೇ ತಿಂಗಳು ಯಾಕೆ ಅಂತ ಹೇಳುತ್ತೇನೆ. ಕಾಳಜಿ ಕೇಂದ್ರದಲ್ಲಿ ಮೊದಲ ಮೂರು ದಿನ ನಾನು ಹುಡುಕುವುದು ಮಾತ್ರೆ ಬಿಟ್ಟು ಬಂದವರನ್ನು. ಅಳುತ್ತಾ ಕೂತವರ ಪಕ್ಕ ಯಾರಾದರೂ ಇದ್ದೇ ಇರುತ್ತಾರೆ. ರಾತ್ರೋರಾತ್ರಿ ಮನೆ ಬಿಡುವಾಗ ಜನ ಏನು ಹಿಡಿದುಕೊಂಡು ಬರುತ್ತಾರೆ ನಿಮಗೇ ಗೊತ್ತು. ರೇಷನ್ ಕಾರ್ಡು, ಪಾಸ್‌ಬುಕ್ಕು, ಪಹಣಿ, ಎಮ್ಮೆ, ಸಾಧ್ಯವಾದರೆ ಗ್ಯಾಸ್ ಸಿಲಿಂಡರು. ಮೂರ್ಛೆ ಮಾತ್ರೆ ಗೋಡೆಯ ಗೂಡಿನಲ್ಲೇ ಉಳಿಯುತ್ತದೆ. ಮೂರ್ಛೆ ರೋಗದವರು ದಿಢೀರ್ ಅಂತ ಮಾತ್ರೆ ನಿಲ್ಲಿಸಿದರೆ ಫಿಟ್ಸ್ ಮೇಲೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಎಷ್ಟೋ ವರ್ಷ ಚೆನ್ನಾಗಿದ್ದ ಮಾನಸಿಕ ಕಾಯಿಲೆಯವರಿಗೆ ಕಾಯಿಲೆ ಮರಳುತ್ತದೆ. ಮನಸ್ಸಿನ ಏರಿಳಿತದ ಕಾಯಿಲೆಗೆ ಲಿಥಿಯಂ ಮಾತ್ರೆ ತಗೊಳ್ಳುವವರಿಗೆ ವಾಂತಿ ಭೇದಿ ಹತ್ತಿ ಮೈಯಲ್ಲಿ ನೀರು ಕಡಿಮೆಯಾದರೆ ಅದೇ ಮಾತ್ರೆ ವಿಷ ಆಗುತ್ತದೆ.

ಒಂದು ಶಾಲೆಯ ಕೇಂದ್ರದಲ್ಲಿ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಖಾಲಿ ಮಾತ್ರೆ ಪಟ್ಟಿ ತೋರಿಸಿದರು. ಮಗನದ್ದು. ಹಿಂದಿನ ಬೆಳ್ಳಿ ಹಾಳೆ ಹರಿದುಹೋಗಿ 'ಓಲಾನ್' ಅನ್ನುವಷ್ಟು ಮಾತ್ರ ಉಳಿದಿತ್ತು. ಮನೋರೋಗದ ಮಾತ್ರೆ ಓಲಾಂಜಪಿನ್ ಅಂತ ಅಂದಾಜಾಯ್ತು, ಎಷ್ಟು ಮಿಲಿಗ್ರಾಂ ಅಂತ ಹೇಳೋರಿಲ್ಲ. ಚೀಟಿ ನೀರು ಪಾಲು. ಆ ಹುಡುಗ ರಾತ್ರಿಯಿಡೀ ವರಾಂಡದಲ್ಲಿ ಓಡಾಡುತ್ತಿದ್ದ. ಮಕ್ಕಳು ಮಲಗಿದ್ದಾರೆ, ಇವನನ್ನು ಹೊರಗೆ ಹಾಕಿ ಅಂತ ಪಕ್ಕದವರ ಗಲಾಟೆ. ಅಜ್ಜಿ ಅವನ ಅಂಗಿ ಹಿಡಿದುಕೊಂಡು ಅವನ ಹಿಂದೆಯೇ ನಡೆಯುತ್ತಿದ್ದರು. ಬೆಳಗ್ಗೆ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಹಳೇ ಪುಸ್ತಕ ತೆಗೆಸಿದೆವು. ಅವನ ಹೆಸರು ಸಿಕ್ಕಿತು, ಮಾತ್ರೆ ಬಂತು, ಎರಡು ರಾತ್ರಿ ನಿದ್ದೆ ಮಾಡಿದ. ಅಷ್ಟೇ ಚಿಕಿತ್ಸೆ.

ಇದಕ್ಕೆ ಪ್ರವಾಹದ ದಿನ ತಜ್ಞ ಬೇಕಾಗಿಲ್ಲ. ಮೇ ತಿಂಗಳಲ್ಲೇ ನಿಮ್ಮ ಆಶಾ ಕಾರ್ಯಕರ್ತೆ ಕೆಳಗಿನ ಕೇರಿಯಲ್ಲಿ ಯಾರು ದಿನಾ ಮಾತ್ರೆ ತಗೊಳ್ಳುತ್ತಾರೆ ಅಂತ ಬರೆದುಕೊಂಡಿರಬೇಕು. ಶುಗರ್, ಬಿಪಿಯವರ ಪಟ್ಟಿ ಅವರ ಹತ್ತಿರ ಹೇಗೂ ಇರುತ್ತದೆ, ಅದಕ್ಕೇ ಸೇರಿಸಿದರಾಯ್ತು. ಹಾಗೆ ಸೇರಿಸಿದರೆ 'ಹುಚ್ಚರ ಪಟ್ಟಿ' ಅಂತ ಪ್ರತ್ಯೇಕ ಕಾಗದವೂ ಇರುವುದಿಲ್ಲ, ಯಾರ ಮಾನವೂ ಹೋಗುವುದಿಲ್ಲ. ಆ ಪಟ್ಟಿ ಆಶಾ ಮತ್ತು ಡಾಕ್ಟರ ಹತ್ತಿರ ಮಾತ್ರ ಇರಲಿ. ಪಂಚಾಯ್ತಿ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ದಯವಿಟ್ಟು. ಮಾತ್ರೆಯ ಸ್ಟ್ರಿಪ್, ಡಾಕ್ಟರ ಚೀಟಿ ಎರಡರದ್ದೂ ಫೋಟೋ ಮನೆಯವರ ಮೊಬೈಲಿನಲ್ಲಿರಲಿ. ಹದಿನೈದು ದಿನದ ಮಾತ್ರೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡಿನ ಜೊತೆಗೇ ಇರಲಿ.

ಇನ್ನೊಂದು ವಿಷಯ ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಕುಡಿತ. ದಿನಾ ಕುಡಿಯುವವರಿಗೆ ಕೇಂದ್ರದಲ್ಲಿ ಸಾರಾಯಿ ಸಿಗುವುದಿಲ್ಲ. ಮೊದಲ ದಿನ ಕೈ ನಡುಗುತ್ತದೆ, ಬೆವರುತ್ತಾರೆ. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾರೋ ಹೊಡೆಯೋಕೆ ಬಂದರು ಅಂತ ಓಡುತ್ತಾರೆ, ಇರುವ ಜಾಗ ಯಾವುದು ಅಂತಲೇ ತಿಳಿಯುವುದಿಲ್ಲ. ಊರಲ್ಲಿ ಇದಕ್ಕೆ ಹೊಳೆಯ ಗಾಳಿ ಸೋಕಿತು ಅನ್ನುತ್ತಾರೆ, ನಿಂಬೆಹಣ್ಣು ಇಳಿ ತೆಗೆಯುತ್ತಾರೆ. ತೆಗೆಯಲಿ, ಬೇಡ ಅನ್ನುವುದಿಲ್ಲ, ಆದರೆ ಆಂಬುಲೆನ್ಸ್ ಬರುವಷ್ಟರಲ್ಲಿ ತೆಗೆದು ಮುಗಿಸಲಿ. ಇದು ಸಾಯುವಂಥ ಕಾಯಿಲೆ. ಆಸ್ಪತ್ರೆಯಲ್ಲಿ ಸರಿಯಾದ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರೆ ವಾರದಲ್ಲಿ ಎದ್ದು ಕೂರುತ್ತಾರೆ. 'ಕುಡುಕ, ಬಿಡ್ರಿ' ಅಂತ ಮೂಲೆಯಲ್ಲಿ ಮಲಗಿಸಿದರೆ ಉಳಿಯದೇ ಹೋಗಬಹುದು.

ಈಗ ಮಾತಿನ ವಿಷಯ. ಕೌನ್ಸೆಲಿಂಗ್ ಅಂದ ತಕ್ಷಣ ಎಲ್ಲರ ಕಣ್ಣಿಗೆ ಬರುವುದು, ಒಬ್ಬರು ಕೂತು 'ಏನಾಯ್ತು, ಎಲ್ಲಾ ಹೇಳಿಬಿಡಿ, ಮನಸ್ಸು ಹಗುರ ಆಗುತ್ತೆ' ಅಂತ ಕೇಳುವ ದೃಶ್ಯ. ಹಿಂದೆ ನಮ್ಮವರೂ ಇದನ್ನು ನಂಬಿದ್ದರು. ಆಮೇಲೆ ಲೆಕ್ಕ ಹಾಕಿ ನೋಡಿದಾಗ, ಘಟನೆಯಾದ ಕೂಡಲೇ ಹೀಗೆ ಒಂದೇ ಸಲ ಕೂರಿಸಿ ಎಲ್ಲವನ್ನೂ ಹೇಳಿಸುವುದರಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚೂ ಆಗಬಹುದು ಅಂತ ಗೊತ್ತಾಯ್ತು. ವಿಶ್ವ ಆರೋಗ್ಯ ಸಂಸ್ಥೆ ಈಗ ಇದನ್ನು ಬೇಡ ಅನ್ನುತ್ತದೆ. ಹಾಗೆಯೇ ಸಿಕ್ಕವರಿಗೆಲ್ಲ ನಿದ್ದೆ ಮಾತ್ರೆ ಹಂಚುವುದೂ ಬೇಡ. ಅಲ್‌ಪ್ರಾಜೋಲಾಂನಂಥ ಮಾತ್ರೆ ಭಯವನ್ನು ಮುಂದಕ್ಕೆ ತಳ್ಳುತ್ತದೆ ಅಷ್ಟೇ, ಜೊತೆಗೆ ಒಂದು ಚಟವನ್ನೂ ಅಂಟಿಸುತ್ತದೆ.

ಮತ್ತೆ ಏನು ಮಾಡಬೇಕು? ನೋಡಿ, ಕೇಳಿಸಿಕೊಳ್ಳಿ, ಜೋಡಿಸಿ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮನಸ್ಸಿನ ಪ್ರಥಮ ಚಿಕಿತ್ಸೆಯ ಕೈಪಿಡಿಯ ಸಾರ ಈ ಮೂರೇ. ಯಾರಿಗೆ ತುರ್ತು ಇದೆ ನೋಡಿ. ಅವರಾಗಿ ಮಾತಾಡಿದರೆ ಕೇಳಿ, ಸುಮ್ನೆ ಕೂತರೆ ಪಕ್ಕದಲ್ಲಿ ಸುಮ್ನೆ ಕೂರಿ. ಆಮೇಲೆ ಅವರಿಗೆ ಬೇಕಾದವರ ಜೊತೆ ಜೋಡಿಸಿ: ಬೇರೆ ಕೇಂದ್ರದಲ್ಲಿರುವ ಮಗಳು, ಪರಿಹಾರ ಬರೆದುಕೊಳ್ಳುವ ಗ್ರಾಮ ಆಡಳಿತಾಧಿಕಾರಿ, ನರ್ಸಮ್ಮ. ಫೋನ್ ಚಾರ್ಜ್ ಮಾಡಿಕೊಡುವುದೂ ಇದರಲ್ಲೇ ಬರುತ್ತದೆ. 'ಎಮ್ಮೆ ಹೋದ್ರೆ ಹೋಯ್ತು, ಜೀವ ಉಳೀತಲ್ಲ' ಅಂತ ಮಾತ್ರ ಹೇಳಬೇಡಿ. ಎರಡು ಎಮ್ಮೆ ಸಾಕಿ ಮಗಳನ್ನು ಕಾಲೇಜಿಗೆ ಕಳಿಸಿದವಳಿಗೆ ಅದು ಏನು ಹೋಯ್ತು ಅಂತ ಅವಳಿಗೇ ಗೊತ್ತು. ಟಿವಿಯವರು ಮೈಕ್ ಹಿಡಿದು 'ಹೇಗನ್ನಿಸ್ತಿದೆ' ಅಂತ ಬಂದರೆ ಗೇಟಿನಲ್ಲೇ ತಡೆಯುವ ಕೆಲಸ ನೀವು ಮಾಡಿ. ಅದು ಸದಸ್ಯೆಯಾದ ನಿಮ್ಮ ಕೈಲಾಗುತ್ತದೆ, ನನ್ನ ಕೈಲಾಗುವುದಿಲ್ಲ.

ಮಕ್ಕಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಾಸಿಗೆ ಒದ್ದೆ ಮಾಡುವುದು, ಅಮ್ಮನ ಸೀರೆ ಬಿಡದಿರುವುದು ಕೆಲವು ವಾರ ಇರುತ್ತದೆ, ಬೈಯದಿದ್ದರೆ ಹೋಗುತ್ತದೆ. ಶಾಲೆ, ಅಂಗನವಾಡಿ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಕೇಂದ್ರ ಶಾಲೆಯಲ್ಲೇ ಇರುವುದರಿಂದ ಇದೇ ಕಷ್ಟ, ಅದಕ್ಕೆ ಸಮುದಾಯ ಭವನ ನೋಡಿ ಅಂತ ಈಗಲೇ ಹೇಳಿಡಿ.

ಇದೆಲ್ಲ ನಮ್ಮ ದೇಶಕ್ಕೆ ಹೊಸದಲ್ಲ ಅಕ್ಕಾ. 1981ರ ಫೆಬ್ರುವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದಾಗ ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಆ ಮನೆಯವರ ದುಃಖ ಹೇಗಿತ್ತು ಅಂತ ನಿಮ್ಹಾನ್ಸ್‌ನವರು ಹಿಂಬಾಲಿಸಿ ನೋಡಿದರು. 1984ರ ಡಿಸೆಂಬರ್‌ನಲ್ಲಿ ಭೋಪಾಲ್ ಅನಿಲ ದುರಂತ ಆಯ್ತು. ಅಲ್ಲಿ ಕಣ್ಣು, ಶ್ವಾಸಕೋಶ ನೋಡೋಕೆ ಡಾಕ್ಟರು ಓಡಿ ಬಂದರು. ಮನಸ್ಸಿಗೂ ಪೆಟ್ಟಾಗಿದೆ ಅನ್ನುವುದು ತಡವಾಗಿ ಗೊತ್ತಾಯ್ತು. ಆಗ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತವರ ಸಂಗಡಿಗರು ಮಾಡಿದ ಕೆಲಸ ನನಗೆ ಇವತ್ತಿಗೂ ಮಾದರಿ. ಅಷ್ಟು ಜನಕ್ಕೆ ಮನೋವೈದ್ಯರನ್ನು ಎಲ್ಲಿಂದ ತರೋದು? ಅಲ್ಲಿದ್ದ ಸಾಮಾನ್ಯ ವೈದ್ಯರಿಗೇ ಕಲಿಸಿದರು. ಸುಮಾರು ಅದೇ ಹೊತ್ತಿಗೆ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಹಳ್ಳಿ ಆಸ್ಪತ್ರೆಯ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ಇದೇ ಥರ ಕಲಿಸುತ್ತಿತ್ತು. ಆ ಬಳ್ಳಾರಿ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯ್ತು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಎಲ್ಲ ಕಡೆಯೂ ಊರವರಿಗೇ ಕಲಿಸುವ ದಾರಿ ಬೆಳೆಯುತ್ತಾ ಬಂತು. 2009ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಇದಕ್ಕಂತಲೇ ಮಾರ್ಗಸೂಚಿ ಹೊರಡಿಸಿತು. ನಿಮ್ಮ ಸಭೆಯ ಆ ಒಂದು ಸಾಲಿನ ಹಿಂದೆ ಇಷ್ಟೆಲ್ಲ ಇದೆ.

ದೀಪಾವಳಿ ಭೇಟಿ ಯಾಕೆ? ಪ್ರವಾಹವಾದ ವಾರ ಎಲ್ಲರೂ ಹೆದರಿರುತ್ತಾರೆ, ನಿದ್ದೆ ಇರುವುದಿಲ್ಲ, ಮಳೆ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ. ಇದು ಕಾಯಿಲೆ ಅಲ್ಲ. ಬಹಳ ಜನ ತಾವಾಗಿಯೇ ಸರಿಹೋಗುತ್ತಾರೆ. ಒಂದು ತಿಂಗಳು ದಾಟಿದ ಮೇಲೂ ಅದೇ ದೃಶ್ಯ ಕಣ್ಣಿಗೆ ಕಟ್ಟುತ್ತಿದ್ದರೆ, ಹೊಳೆಯ ಕಡೆ ಹೆಜ್ಜೆ ಇಡೋಕೇ ಆಗದಿದ್ದರೆ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಿದ್ದರೆ, ಕೆಲಸ ನಿಂತುಹೋಗಿದ್ದರೆ ಆಗ ಚಿಕಿತ್ಸೆ ಬೇಕು. ಇದಕ್ಕಿಂತ ಜಾಸ್ತಿ ನಾನು ನೋಡುವುದು ಖಿನ್ನತೆ ಮತ್ತು ಹೆಚ್ಚಾದ ಕುಡಿತ. ಅದು ಬರುವುದು ನೀರಿನಿಂದ ಅಲ್ಲ, ಆಮೇಲಿನ ಓಡಾಟದಿಂದ. ಅರ್ಧ ಬಿದ್ದ ಗೋಡೆಯ ಫೋಟೋ ಆಯ್ತು, ಎರಡನೇ ಸರ್ವೆ ಆಯ್ತು, ಆಧಾರ್ ಲಿಂಕ್ ಆಗಿಲ್ಲ ಅಂದರು, ಬಾಡಿಗೆ ಮನೆ, ಕೈಸಾಲ. ಜನ ಕುಸಿಯುವುದು ಇಲ್ಲಿ. ಕಂದಾಯ ಇಲಾಖೆಯವರು ಪರಿಹಾರದ ಹಣ ಬೇಗ ಹಾಕಿದರೆ ಅದೂ ಖಿನ್ನತೆಗೆ ಔಷಧವೇ ಅಂತ ನಾನು ಸಭೆಗಳಲ್ಲಿ ಹೇಳುತ್ತೇನೆ. ತಮಾಷೆಗೆ ಹೇಳುತ್ತಿಲ್ಲ.

ಹೆಣ ಸಿಗದ ಮನೆಗಳು ಬೇರೆಯೇ. ಹೊಳೆಗೋ ಭದ್ರಾ ನಾಲೆಗೋ ಕೊಚ್ಚಿಹೋದವರು ಸಿಗದಿದ್ದರೆ ಮನೆಯವರು ಕಾರ್ಯ ಮಾಡುವಂತೆಯೂ ಇಲ್ಲ, ಕಾಯುವುದನ್ನು ಬಿಡುವಂತೆಯೂ ಇಲ್ಲ. ಅವರನ್ನು 'ಇನ್ನು ಒಪ್ಕೊಳ್ಳಿ' ಅಂತ ಅವಸರಿಸಬಾರದು. ಅವರ ಕಡೆಯ ಹಿರಿಯರು, ಸ್ವಾಮಿಗಳು ಸೇರಿ ಒಂದು ದಾರಿ ಹೇಳಿದರೆ ನನ್ನ ಯಾವ ಮಾತಿಗಿಂತಲೂ ಅದು ಹೆಚ್ಚು ಹಿಡಿಯುತ್ತದೆ. ಹಾಗೇ ಹೆಣ ಎತ್ತುವ ಮುಳುಗು ತಜ್ಞರು, ಅಗ್ನಿಶಾಮಕದವರು, ಶವಾಗಾರದ ಸಿಬ್ಬಂದಿ, ಕೆಸರು ಬಳಿಯುವ ಪೌರಕಾರ್ಮಿಕರು. ಇವರನ್ನು ಯಾರೂ ಕೇಳುವುದಿಲ್ಲ. ಕುಡಿಯದೆ ನೀರಿಗೆ ಇಳಿಯೋಕೆ ಆಗಲ್ಲ ಅನ್ನುವವರಿದ್ದಾರೆ. ಸರದಿ ಮೇಲೆ ಕೆಲಸ, ಮಧ್ಯೆ ವಿಶ್ರಾಂತಿ, ಮುಗಿದ ಮೇಲೆ ಒಂದು ಊಟ, ತಿಂಗಳ ಮೇಲೆ 'ಹೇಗಿದ್ದೀರಿ' ಅಂತ ಒಂದು ವಿಚಾರಣೆ. ಇಷ್ಟನ್ನೂ ನಾವು ಮಾಡುತ್ತಿಲ್ಲ.

ಇನ್ನು ತಡೆಯುವ ವಿಷಯ. ಮಳೆ ತಡೆಯೋಕೆ ನನ್ನಿಂದಾಗಲ್ಲ. ಆದರೆ ನೀರು ಬರುತ್ತೆ ಅಂತ ಗೊತ್ತಾದ ಮೇಲೂ ಜನ ಯಾಕೆ ಮನೆ ಬಿಡುವುದಿಲ್ಲ, ಅದು ನಮ್ಮ ಕ್ಷೇತ್ರ. ಭದ್ರಾ ಅಣೆಕಟ್ಟಿನಲ್ಲಿ 71.5 ಟಿಎಂಸಿ ಹಿಡಿಯುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟು ಅದರ ಮುಂದೆ ತೀರಾ ಚಿಕ್ಕದು, ಸುಮಾರು 3.24 ಟಿಎಂಸಿ. ಮಲೆನಾಡಲ್ಲಿ ಮಳೆ ಹಿಡಿದರೆ ಬೇಗ ತುಂಬುತ್ತದೆ, ಬಿಡಲೇಬೇಕು. ತುಂಗೆ, ಭದ್ರೆ ಸೇರುವ ಕೂಡ್ಲಿ ದಾಟಿ ನೇರ ನಿಮ್ಮ ಕಡೆ, ಆಮೇಲೆ ಹರಿಹರ. 'ನದಿಪಾತ್ರದ ಜನ ಎಚ್ಚರಿಕೆಯಿಂದಿರಬೇಕು' ಅಂತ ಮೈಕಿನಲ್ಲಿ ಕೂಗಿದರೆ ಯಾರು ಏಳುತ್ತಾರೆ? ಪ್ರತಿ ವರ್ಷ ಕೇಳಿದ್ದೇ. 'ಹೋದ ಸಲ ಇದೇ ಮೆಟ್ಟಿಲವರೆಗೆ ಬಂದು ನಿಂತಿತ್ತು' ಅನ್ನುವ ನೆನಪು ಮೈಕಿಗಿಂತ ಜೋರು. ಜನ ಗಾಬರಿಬಿದ್ದು ಓಡುತ್ತಾರೆ ಅಂತ ಅಧಿಕಾರಿಗಳು ಸುದ್ದಿ ಮುಚ್ಚಿಡುವುದುಂಟು. ಹಾಗೆ ಗಾಬರಿಯ ಓಟ ಅಪರೂಪ, ಅಪಾಯದಲ್ಲಿ ಜನ ಒಬ್ಬರಿಗೊಬ್ಬರು ಕೈ ಕೊಡುವುದೇ ಹೆಚ್ಚು ಅಂತ ವಿಪತ್ತಿನ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಅಪಾಯ ಇರುವುದು ಏಳದೇ ಕೂರುವುದರಲ್ಲಿ. ಅದಕ್ಕೆ ಮಾತು ಹೀಗಿರಲಿ: 'ಸಂಜೆ ಆರಕ್ಕೆ ಮಾರಮ್ಮನ ಗುಡಿ ಮೆಟ್ಟಿಲಿಗೆ ನೀರು ಬರುತ್ತದೆ, ನಾಲ್ಕಕ್ಕೆ ಟ್ರ್ಯಾಕ್ಟರ್ ಬರುತ್ತೆ, ದನಗಳಿಗೆ ಎಪಿಎಂಸಿ ಅಂಗಳದಲ್ಲಿ ಜಾಗ, ಮನೆ ಕಾಯೋಕೆ ಹೋಂಗಾರ್ಡ್ ಇರ್ತಾರೆ.' ಹೇಳುವವರು ಊರವರೇ ಆಗಿರಲಿ. ದನಕ್ಕೆ ಜಾಗ ಹೇಳದೆ ಅಜ್ಜನನ್ನು ಎಬ್ಬಿಸೋಕೆ ಹೋಗಬೇಡಿ, ಅವರು ಏಳಲ್ಲ.

ನಂಬಿಕೆ ಹೋದರೆ ಸರಿಮಾಡುವುದು ಇನ್ನೂ ಕಷ್ಟ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಂಥದ್ದಾದ ಮೇಲೆ ನಲ್ಲಿ ತಿರುಗಿಸುವಾಗ ಯಾರಿಗಾದರೂ ಕೈ ತಡೆಯುತ್ತದೆ. ಆ ಭಯಕ್ಕೆ ಕೌನ್ಸೆಲಿಂಗ್ ಅಲ್ಲ ಮದ್ದು. ನೀರಿನ ಪರೀಕ್ಷೆಯ ವರದಿಯನ್ನು ಕೇರಿಯಲ್ಲಿ ನಿಂತು ಓದಿ ಹೇಳಬೇಕು, ಓದಿದ ಅಧಿಕಾರಿ ಅದೇ ನೀರು ಕುಡಿಯಬೇಕು.

ದಾವಣಗೆರೆ, ಚಿತ್ರದುರ್ಗ, ನಮ್ಮ ಈ ಎರಡು ಜಿಲ್ಲೆಗೆ ದೊಡ್ಡ ವಿಪತ್ತು ಯಾವುದು ಅಂತ ಕೇಳಿದರೆ ನಾನು ಪ್ರವಾಹ ಅನ್ನುವುದಿಲ್ಲ. ಬರ. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಕಡೆಯವರನ್ನು ಕೇಳಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯ್ತು. ಬರಕ್ಕೆ ಕಾಳಜಿ ಕೇಂದ್ರ ಇಲ್ಲ, ಹೆಲಿಕಾಪ್ಟರ್ ಇಲ್ಲ. ಮೂರನೇ ಬೋರ್‌ವೆಲ್ಲೂ ಫೇಲಾಗುತ್ತದೆ, ಮೆಕ್ಕೆಜೋಳ ಮೊಳಕಾಲೆತ್ತರಕ್ಕೇ ಒಣಗುತ್ತದೆ, ಸಂಘದ ಕಂತು ವಾರವಾರ ಬರುತ್ತದೆ. ರೈತ ಜಾತ್ರೆಗೆ ಬರುವುದು ಬಿಡುತ್ತಾನೆ, ಕಟ್ಟೆಗೆ ಬರುವುದು ಬಿಡುತ್ತಾನೆ, ಊಟ ಅರ್ಧಕ್ಕೆ ಏಳುತ್ತಾನೆ, 'ನಾನಿಲ್ಲದಿದ್ರೆ ನೀವು ಆರಾಮಿರ್ತೀರಿ' ಅನ್ನುವ ಥರದ ಮಾತು ಬರುತ್ತದೆ. ಆ ಮಾತು ಬಂದ ದಿನ ತಡ ಮಾಡಬಾರದು. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು, ಕೇಳಿದ್ದಕ್ಕೆ ಅವರಿಗೆ ಉಸಿರು ಬಂದಂತಾಗುತ್ತದೆ.

ಮತ್ತೆ ಆ ಮನೆಯಿಂದ ಕೀಟನಾಶಕವನ್ನು ಆಚೆ ಸಾಗಿಸಿ. ಇಂಥ ಪ್ರಯತ್ನಗಳಲ್ಲಿ ಎಷ್ಟೋ ಒಂದು ಗಳಿಗೆಯ ಆವೇಶದಲ್ಲಿ ಆಗಿಬಿಡುತ್ತವೆ. ಆ ಗಳಿಗೆಯಲ್ಲಿ ಕೈಗೆ ಸಿಗದಿದ್ದರೆ ಬಹಳ ಜನ ಬದುಕುತ್ತಾರೆ, ಆಮೇಲೆ ಮತ್ತೆ ಅತ್ತ ಹೋಗುವುದಿಲ್ಲ. ಶ್ರೀಲಂಕಾದಲ್ಲಿ 1995ರಲ್ಲಿ ಲಕ್ಷ ಜನಕ್ಕೆ 47 ಆತ್ಮಹತ್ಯೆಗಳಾಗುತ್ತಿದ್ದವು. ತೀರಾ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. ಹತ್ತು ವರ್ಷದಲ್ಲಿ ಆ ಸಂಖ್ಯೆ ಸುಮಾರು ಅರ್ಧಕ್ಕಿಳಿಯಿತು. ತಮಿಳುನಾಡಿನಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಅವರ ತಂಡ ಊರಿಗೊಂದು ಕಟ್ಟಡ ಮಾಡಿ, ರೈತರು ಕೀಟನಾಶಕದ ಡಬ್ಬಗಳನ್ನು ಅಲ್ಲೇ ಬೀಗ ಹಾಕಿಡುವ ಪ್ರಯೋಗ ಮಾಡಿತು. ನಿಮ್ಮ ಹಾಲಿನ ಡೈರಿ ಪಕ್ಕ ಒಂದು ಕೋಣೆ ಸಾಕು ಇದಕ್ಕೆ. ನನ್ನ ಕೈಯಲ್ಲಿ ಅನುದಾನ ಇದ್ದರೆ ಕೌನ್ಸೆಲರ್ ನೇಮಿಸುವ ಮೊದಲು ಆ ಕೋಣೆ ಕಟ್ಟಿಸುತ್ತಿದ್ದೆ.

ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ತರದೆ ಮುಚ್ಚಿಡುವುದು ಇನ್ನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಚಿಕಿತ್ಸೆ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಇದನ್ನು ಗ್ರಾಮಸಭೆಯಲ್ಲಿ ಒಂದು ಸಲ ಓದಿ ಹೇಳಿ. ಸಾಲ ವಸೂಲಿಯವರ ಕಿರುಕುಳ ತಡೆಯೋಕೆ 2025ರಲ್ಲಿ ರಾಜ್ಯ ಸರ್ಕಾರ ಮೈಕ್ರೋ ಫೈನಾನ್ಸ್ ಸುಗ್ರೀವಾಜ್ಞೆ ತಂದಿತು, ಅದನ್ನೂ ಹೇಳಿ.

ಅನಾಹುತ ತಡೆಯುವ ಮಾತು ಬಂದದ್ದಕ್ಕೆ ಹೆದ್ದಾರಿ ಅಪಘಾತದ ಬಗ್ಗೆಯೂ ಒಂದೇ ಮಾತು. ನಮ್ಮ ಮಗ್ಗುಲಲ್ಲೇ ರಾಷ್ಟ್ರೀಯ ಹೆದ್ದಾರಿ 48 ಇದೆ. ಹದಿನೇಳು ಹದಿನೆಂಟು ಗಂಟೆ ನಿದ್ದೆಗೆಟ್ಟ ಡ್ರೈವರ್ ಕುಡಿದವನಷ್ಟೇ ನಿಧಾನ. ಅವನಿಗೆ ಉಸಿರು ಯಂತ್ರ ಹಿಡಿದು ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ.

ಕೊನೆಗೆ ಯಾರನ್ನು ಕೇಳಬೇಕು ಅಂದಿರಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿಯೇ ಅಧ್ಯಕ್ಷರು, ಜಿಲ್ಲೆಯ ಯೋಜನೆಯನ್ನು ಪ್ರತಿ ವರ್ಷ ಪರಿಶೀಲಿಸಬೇಕು. ನಿಮ್ಮ ಪಂಚಾಯ್ತಿಯಲ್ಲಿ ಒಂದು ನಿರ್ಣಯ ಮಾಡಿ ಡಿಸಿಗೆ ಕಳಿಸಿ, ಅದರ ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಗೆ. 'ಮಾನಸಿಕ ಆರೋಗ್ಯ ತಂಡ ಬೇಕು' ಅಂತ ಮಾತ್ರ ಬರೆದರೆ ಫೈಲಿನಲ್ಲಿ ಕೂರುತ್ತದೆ. ಹೀಗೆ ಬರೆಯಿರಿ: ಮೇ ತಿಂಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಿಂದ ಹೊಳೆದಂಡೆ ಊರುಗಳ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಒಂದು ದಿನದ ತರಬೇತಿ, ಕಾಳಜಿ ಕೇಂದ್ರದ ಔಷಧಿ ಪೆಟ್ಟಿಗೆಯಲ್ಲಿ ಮೂರ್ಛೆ ಮತ್ತು ಮನೋರೋಗದ ಮುಖ್ಯ ಮಾತ್ರೆಗಳು, ನೀರು ಇಳಿದ ಮೂರು ತಿಂಗಳಿಗೆ ಊರಿನಲ್ಲೇ ಒಂದು ಕ್ಲಿನಿಕ್. ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಯವರನ್ನು ನೋಡುವ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ನಡೆಯುತ್ತದೆ ಅಂತ ವಿಚಾರಿಸಿ, ಆ ದಿನವನ್ನು ಪಂಚಾಯ್ತಿ ಬೋರ್ಡಿನ ಮೇಲೆ ಬರೆಸಿ. ಅದರ ಕೆಳಗೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ದೊಡ್ಡದಾಗಿ ಬರೆಸಿ. 2022ರಿಂದ ನಡೆಯುತ್ತಿದೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ನಿರ್ಣಯದ ಕರಡು ಬೇಕಿದ್ದರೆ ಕೇಳಿ, ಒಂದು ಪುಟದಲ್ಲಿ ಬರೆದು ಕಳಿಸುತ್ತೇನೆ, ಪಿಡಿಒ ಸೀಲ್ ಹಾಕಿದರೆ ಸಾಕು.